ಅವ್ವನ ಹಲ್ಲು, ಜಗತ್ ಸರ್ಕಲ್ ಹತ್ತಿರದ ಕ್ಲಿನಿಕ್

ಅವ್ವನಿಗೆ 72. ಸಕ್ಕರೆ ಕಾಯಿಲೆ, ಅದರ ಮೇಲೆ ಲಕ್ವ ಹೊಡೆದು ಬಲಗೈ ಏಳುವುದಿಲ್ಲ. ಜೋಳದ ರೊಟ್ಟಿ ಸಾರಿನಲ್ಲಿ ನೆನೆಸಿ ಕೊಟ್ಟರೂ ಬಲಗೆನ್ನೆಯೊಳಗೆ ಹಾಗೇ ಉಳಿಯುತ್ತಿತ್ತು. ಹಲ್ಲು ಅಲುಗಾಡತೊಡಗಿದಾಗ ಕಲಬುರಗಿಯ ಈ ಕ್ಲಿನಿಕ್‌ಗೆ ಹೋದೆವು. ಮೊದಲ ಮಹಡಿ, ಲಿಫ್ಟ್ ಇಲ್ಲ! ಕುರ್ಚಿ ಸಮೇತ ಹೊತ್ತೆವು. ಒಂದು ಸ್ಟಾರ್ ಕಟ್.

ಆದರೆ ಡಾಕ್ಟರಮ್ಮ ಹಲ್ಲು ಕೀಳುವ ಮೊದಲು ಶುಗರ್ ನೋಡಿದರು. ರಕ್ತ ತೆಳು ಮಾಡುವ ಮಾತ್ರೆ ಬಗ್ಗೆ ಕೇಳಿದರು, ‘ನೀವೇ ಸುಮ್ನೆ ನಿಲ್ಲಿಸಬೇಡಿ’ ಅಂದರು. ನೀರು ಗಂಟಲಿಗೆ ಇಳಿದೀತೆಂದು ಪೂರ್ತಿ ಮಲಗಿಸಲೇ ಇಲ್ಲ. ಬ್ರಷ್ ಹಿಡಿಗೆ ಸೈಕಲ್ ಗ್ರಿಪ್ ಹಾಕುವುದನ್ನು ಅವರೇ ಹೇಳಿಕೊಟ್ಟರು. ನಮಗೆ ಹೊಳೆದೇ ಇರಲಿಲ್ಲ, ಅಲ್ವಾ? ಈಗ ಅವ್ವ ಎಡಗೈಯಲ್ಲೇ ಉಜ್ಜುತ್ತಾಳೆ. ಕೆನ್ನೆಯೊಳಗೆ ಉಳಿದ ತುತ್ತನ್ನು ಮಾತ್ರ ನಾನು ಒದ್ದೆ ಬಟ್ಟೆಯಿಂದ ತೆಗೆಯುತ್ತೇನೆ, ಬೈಯುತ್ತಾಳೆ.