ಕೊಡಗಿನ ಮಂಜಿಗೆ ಬಿಸಿನೀರಿನ ಕಾರ್ಬ್ ಹೀಟರ್: ರೋಟ್ಯಾಕ್ಸ್ 912 ಕಿಟ್ ಎಷ್ಟು ಕೆಲಸಕ್ಕೆ ಬರುತ್ತದೆ?

ಪೊನ್ನಂಪೇಟೆ ಕಡೆ ಮೈಕ್ರೋಲೈಟ್ ಎಂಬ ಪುಟ್ಟ ಹಗುರ ವಿಮಾನ ಹಾರಿಸುವವರು ರೆಕ್ಕೆಯ ಮೇಲೆ ಐಸ್ ಕಟ್ಟೀತೆಂದು ಹೆದರಬೇಕಿಲ್ಲ. ಅದಕ್ಕೆ ಸೊನ್ನೆ ಡಿಗ್ರಿಗಿಂತ ತಣ್ಣಗಿನ ಮೋಡ ಬೇಕು, ನಮ್ಮಲ್ಲಿ ಅದು ಸಿಗುವುದು ಸುಮಾರು 15,000 ಅಡಿಯ ಆಸುಪಾಸಿನಲ್ಲಿ. ಇಲ್ಲಿನ ಅಪಾಯ ಎಂಜಿನ್‌ಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿಕೊಡುವ ಕಾರ್ಬ್ಯುರೇಟರ್ ಒಳಗಿದೆ. ಪೆಟ್ರೋಲ್ ಆವಿಯಾಗುತ್ತಾ, ಗಾಳಿ ಕಿರಿದಾದ ಗಂಟಲಲ್ಲಿ ನುಗ್ಗುತ್ತಾ ಒಳಗಿನ ಉಷ್ಣಾಂಶ 20ರಿಂದ 30 ಡಿಗ್ರಿವರೆಗೂ ಇಳಿಯಬಹುದು. ಮಡಕೆಯ ನೀರು ತಣ್ಣಗಾಗುವ ಕ್ರಿಯೆಯೇ ಇದು, ಆದರೆ ಬಲು ಜೋರಾಗಿ. ಹೊರಗೆ 18 ಡಿಗ್ರಿ ಇದ್ದು ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶ) 16ರಲ್ಲಿದ್ದರೆ, ಅಂದರೆ ನವೆಂಬರಿನ ಮಾಮೂಲಿ ಕೊಡಗಿನ ಬೆಳಿಗ್ಗೆ, ಐಸ್ ಕಟ್ಟಲು ಹೇಳಿ ಮಾಡಿಸಿದ ಹವೆ. ಕೆಳಗೆ ಸಿಲ್ವರ್ ಓಕ್ ಎದ್ದು ನಿಂತ ಕಾಫಿ ತೋಟ, ಹುತ್ತರಿಗೆ ಮುಂಚೆಯಾದರೆ ಪೈರು ತುಂಬಿದ ಗದ್ದೆ. ಎಂಜಿನ್ ನಿಂತರೆ ಇಳಿಯಲು ಜಾಗ ಹುಡುಕುವುದೇ ಕಷ್ಟ.

ಈ ಐಸ್ ತಡೆಯುವ ಕಿಟ್ 80 ಮತ್ತು 100 ಅಶ್ವಶಕ್ತಿಯ ರೋಟ್ಯಾಕ್ಸ್ 912 ಎಂಜಿನ್‌ಗಳಿಗೆ. ಎರಡು ಬಿಂಗ್ ಕಾರ್ಬ್ಯುರೇಟರುಗಳಿಗೆ ಒಂದೊಂದು ಅಲ್ಯೂಮಿನಿಯಂ ಜಾಕೆಟ್, ಟಿ-ಜಾಯಿಂಟ್, ಹೋಸ್, ಕ್ಲಿಪ್, ಇಷ್ಟೇ. ಸಿಲಿಂಡರ್ ಹೆಡ್‌ನಿಂದ ಹೊರಬರುವ ಬಿಸಿ ಕೂಲೆಂಟ್‌ನಲ್ಲಿ (ಎಂಜಿನ್ ತಣಿಸುವ ದ್ರವ) ಸ್ವಲ್ಪ ಪಾಲು ಜಾಕೆಟ್ ಸುತ್ತಿ ಪಂಪ್‌ನ ಎಳೆಯುವ ಬದಿಗೆ ಮರಳುತ್ತದೆ. ಥ್ರಾಟಲ್ ಬಟರ್‌ಫ್ಲೈ, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆ, ಇರುವ ಲೋಹದ ಮೈ ಸದಾ ಬೆಚ್ಚಗಿರುತ್ತದೆ. 912 ಐಎಸ್‌ನಲ್ಲಿ ಕಾರ್ಬ್ಯುರೇಟರೇ ಇಲ್ಲ, ಗಾಳಿಯಿಂದ ತಣಿಯುವ ರೋಟ್ಯಾಕ್ಸ್ 503ರಲ್ಲಿ ಕೂಲೆಂಟ್ ಇಲ್ಲ; ಆ ಎಂಜಿನ್ ಇರುವವರಿಗೆ ಇದು ಬೇಡ.

ಇದರ ದೊಡ್ಡ ಗುಣವೆಂದರೆ ಎಂಜಿನ್ ಎಳೆಯುವ ಗಾಳಿ ಬಿಸಿಯಾಗುವುದಿಲ್ಲ, ಹಾಗಾಗಿ ಟೇಕಾಫ್‌ನಲ್ಲಿ ಶಕ್ತಿ ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ. ಇನ್ನೊಂದು ಬಗೆಯ ಸಾಧನವಾದ, ಕಾರ್ಬ್‌ಗೆ ಬಿಸಿಗಾಳಿಯನ್ನೇ ಕೊಡುವ ಪೆಟ್ಟಿಗೆಯಲ್ಲಿ ಲಿವರ್ ಎಳೆದ ಕೂಡಲೇ ಆರ್‌ಪಿಎಂ ಬೀಳುತ್ತದೆ. ಇಲ್ಲಿ ಎಳೆಯಲು ಲಿವರೇ ಇಲ್ಲ, ಮರೆಯುವ ಪ್ರಶ್ನೆಯೂ ಇಲ್ಲ.

ಆದರೆ ಲಿವರ್ ಇಲ್ಲದಿರುವುದೇ ಕೊರತೆಯೂ ಹೌದು. ಬಿಸಿಗಾಳಿ ಕೊಟ್ಟಾಗ ಆರ್‌ಪಿಎಂ ಮೊದಲು ಇಳಿದು, ಎಂಜಿನ್ ಒರಟಾಗಿ ಓಡಿ, ಆಮೇಲೆ ಏರಿದರೆ ಐಸ್ ಇತ್ತು, ಕರಗಿತು ಎಂದು ತಿಳಿಯುತ್ತದೆ. ಜಾಕೆಟ್‌ನಲ್ಲಿ ಆ ಪರೀಕ್ಷೆ ಸಾಧ್ಯವಿಲ್ಲ. ಇದು ಐಸ್ ಕಟ್ಟದಂತೆ ತಡೆಯುವ ಸಾಧನ, ಕಟ್ಟಿದ್ದನ್ನು ಬೇಗ ಕರಗಿಸುವಂಥದ್ದಲ್ಲ. ಏರ್ ಫಿಲ್ಟರ್ ಒದ್ದೆಯಾಗಿ ಉಸಿರು ಕಟ್ಟಿದರೂ ಇದರಿಂದ ಉಪಯೋಗವಿಲ್ಲ.

ನಿಜವಾದ ದೌರ್ಬಲ್ಯ ಇರುವುದು ಉದ್ದನೆಯ ಇಳಿತದಲ್ಲಿ. ಥ್ರಾಟಲ್ ಮುಚ್ಚಿದಾಗ ಬಟರ್‌ಫ್ಲೈ ಬಳಿಯ ಸಂದಿ ಕಿರಿದಾಗಿ ಐಸ್ ಕಟ್ಟುವ ಸಾಧ್ಯತೆ ಅತಿ ಹೆಚ್ಚು. ಅದೇ ಹೊತ್ತಿಗೆ ರೇಡಿಯೇಟರ್ ಕೂಲೆಂಟನ್ನು ತಣ್ಣಗಾಗಿಸುತ್ತದೆ, ಜಾಕೆಟ್ ಸಪ್ಪೆಯಾಗುತ್ತದೆ. ಬೇಕಾದಾಗಲೇ ಬಿಸಿ ಕಡಿಮೆ! ಕೂಲೆಂಟ್ ಅತಿಯಾಗಿ ತಣ್ಣಗಾಗದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಹಾಕಿಸಿದರೆ ಬಹಳ ವ್ಯತ್ಯಾಸ. ಅದಿಲ್ಲದವರು ಸ್ವಲ್ಪ ಪವರ್ ಇಟ್ಟೇ ಇಳಿಯಲಿ, ಪ್ರತಿ 500 ಅಡಿಗೊಮ್ಮೆ ಥ್ರಾಟಲ್ ತೆರೆದು ಎಂಜಿನ್ ಬೆಚ್ಚಗಾಗಿಸಲಿ. ಒಂದೇ ಕಾರ್ಬ್‌ನಲ್ಲಿ ಐಸ್ ಕಟ್ಟಿದರೆ ಎರಡು ಬದಿಯ ಸಮತೋಲ ತಪ್ಪಿ ಎಂಜಿನ್ ನಡುಗುತ್ತದೆ. ಅದನ್ನು ಪ್ಲಗ್ ತೊಂದರೆ ಎಂದು ತಳ್ಳಿಹಾಕಬೇಡಿ.

ಒದ್ದೆ ಹುಲ್ಲಿನ ಮೇಲೆ ಐಡಲ್‌ನಲ್ಲಿ ಕಾಯುವಾಗಲೂ ಐಸ್ ಕಟ್ಟುತ್ತದೆ. ಆಯಿಲ್ 50 ಡಿಗ್ರಿ ಮುಟ್ಟುವ ಮುಂಚೆ ಹೇಗೂ ಟೇಕಾಫ್ ಇಲ್ಲ. ಆ ಹೊತ್ತಿಗೆ ಜಾಕೆಟ್ ಬೆಚ್ಚಗಾಗಿರಬೇಕು.

ಇನ್ನು ಪೆಟ್ರೋಲ್ ವಿಷಯ. ರೋಟ್ಯಾಕ್ಸ್ ಒಪ್ಪುವುದು ಇ10ವರೆಗೆ, ಅಂದರೆ ಶೇ. 10ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್‌ವರೆಗೆ. ಬಂಕ್‌ನ ಇ20ಯಲ್ಲಿ ಎಥೆನಾಲ್ ಹೆಚ್ಚು. ಆವಿಯಾಗುವಾಗ ಅದು ಪೆಟ್ರೋಲ್‌ಗಿಂತ ಹೆಚ್ಚು ಶಾಖ ಹೀರುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಕಿಟ್ ಇದೆಯೆಂದು ಇ20 ತುಂಬಿಸುವುದು ಖಂಡಿತ ತಪ್ಪು.

ಕೂರಿಸುವುದು ಸುಲಭ, ಆದರೆ ಅವಸರ ಬೇಡ. ಮೊದಲು ವಿಮಾನ ತಯಾರಕರ ಲಿಖಿತ ಒಪ್ಪಿಗೆ ಪಡೆಯಿರಿ. ಜೋಡಿಸಿದ ಮೇಲೆ ಕೂಲೆಂಟ್‌ನಲ್ಲಿ ಸೇರಿದ ಗಾಳಿ ಪೂರ್ತಿ ತೆಗೆಯಿರಿ. ಗಾಳಿ ಉಳಿದರೆ ಒಂದು ಜಾಕೆಟ್ ತಣ್ಣಗೇ ಇರುತ್ತದೆ. ಎಂಜಿನ್ ಬಿಸಿಯಾಗಿ ಓಡಿಸಿ, ಆಫ್ ಮಾಡಿ, ಇಗ್ನಿಷನ್ ಸ್ವಿಚ್ ಎರಡೂ ಆಫ್ ಆಗಿರುವುದನ್ನು ನೋಡಿದ ಬಳಿಕ ಎರಡೂ ಬದಿಯ ಬಿಸಿ ಹೋಲಿಸಿ. ಕೇಬಲ್ ಅಲುಗಿದ್ದರೆ ಕಾರ್ಬ್‌ಗಳನ್ನು ಮತ್ತೆ ಸಿಂಕ್ ಮಾಡಲೇಬೇಕು, ಅಂದರೆ ಎರಡೂ ಸಮನಾಗಿ ತೆರೆಯುವಂತೆ ಹೊಂದಿಸಬೇಕು. ಜಾಕೆಟ್‌ನ ತೂಕ ಕಾರ್ಬ್ ಹಿಡಿದಿರುವ ರಬ್ಬರ್ ಫ್ಲ್ಯಾಂಜ್ ಮೇಲೆ ಬೀಳುವುದರಿಂದ ಅಲ್ಲಿ ಬಿರುಕು ಬಂದಿದೆಯೇ ಎಂದು ಆಗಾಗ ಟಾರ್ಚ್ ಹಿಡಿದು ನೋಡಿ.

ಕೊಡಗಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು. ಬಿಸಿಗಾಳಿಯ ಪೆಟ್ಟಿಗೆ ಈಗಾಗಲೇ ಇದ್ದರೆ ಮಾತ್ರ ಅದನ್ನು ಕಳಚಬೇಡಿ, ಎರಡೂ ಇರಲಿ. ಹೊಸ ಹೋಸ್‌ಗಳನ್ನು 5 ವರ್ಷದ ರಬ್ಬರ್ ಬದಲಾವಣೆಯ ಪಟ್ಟಿಗೆ ಸೇರಿಸಿ, ಹಾಕಿದ ದಿನಾಂಕವನ್ನು ಲಾಗ್‌ಬುಕ್‌ನಲ್ಲಿ ಬರೆದಿಡಿ.