‘20 ಆಂಪ್’ ಚೀಟಿ ನಂಬಿ ಡ್ರೋನ್ ಚಾರ್ಜರ್‌ಗೆ ಪವರ್ ಸಪ್ಲೈ ತರಬೇಡಿ

ಮೊದಲು ವಾಸನೆ ಹಿಡಿದದ್ದು ನಾನಲ್ಲ, ಅವ್ವ. ಪಡಸಾಲೆಯಿಂದಲೇ ಕೂಗಿದಳು, “ಏನೋ ಸುಟ್ಟ ವಾಸನಿ ಬರ್ಲಿಕತ್ತದ, ನೋಡೋ!”

ಚಾರ್ಜಿಗಿಟ್ಟಿದ್ದ ಡ್ರೋನಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯೇ ಹೊತ್ತಿಕೊಂಡಿರಬೇಕು ಅಂತ ಮರಳಿನ ಬಕೆಟ್ ಹಿಡಿದು ಓಡಿದೆ. ನಾಲ್ಕೂ ಬ್ಯಾಟರಿ ತಣ್ಣಗೆ ಕೂತಿದ್ದವು. ಹೊಗೆ ಬರುತ್ತಿದ್ದದ್ದು ಪಕ್ಕದ, ಮನೆಯ ಕರೆಂಟನ್ನು ಚಾರ್ಜರ್‌ಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿ ಕೊಡುವ ಪವರ್ ಸಪ್ಲೈನಿಂದ. ವೈರ್ ಬಿಗಿಯುವ ಸ್ಕ್ರೂಗಳ ಪಟ್ಟಿ ಕರಗಿತ್ತು, ಕೆಂಪು ವೈರ್ ಕಪ್ಪಾಗಿತ್ತು. ಪ್ಲಗ್ ಕಿತ್ತೆ. ಕೆಳಗೆ ಶಹಾಬಾದ್ ಕಲ್ಲಿನ ಫರಸಿ ಇದ್ದದ್ದಕ್ಕೆ ಒಂದು ಕಲೆ ಅಷ್ಟೇ ಬಿತ್ತು. ಹಿಂದಿನ ವಾರ ಅದೇ ಡಬ್ಬಿಯನ್ನು ಹಾಸಿಗೆ ಮೇಲಿಟ್ಟು ಚಾರ್ಜ್ ಮಾಡಿದ್ದೆ. ಅದನ್ನು ಅವ್ವನಿಗೆ ಇನ್ನೂ ಹೇಳಿಲ್ಲ.

ಸಪ್ಲೈ ತಂದದ್ದು ಇಲ್ಲೇ ಕಲಬುರಗಿಯಲ್ಲಿ, ಸಿಸಿ ಕ್ಯಾಮರಾ ಸಾಮಾನು ಮಾರುವ ಒಂದು ಅಂಗಡಿಯಿಂದ. ಚೀಟಿಯ ಮೇಲೆ 12 ವೋಲ್ಟ್, 20 ಆಂಪ್, 240 ವ್ಯಾಟ್. “ಸರ್, ಇದರ ಮ್ಯಾಲ ಹದಿನಾರು ಕ್ಯಾಮರಾ ನಡೀತಾವ, ನಿಮ್ಮ ಬ್ಯಾಟ್ರಿ ಯಾವ ಲೆಕ್ಕ?” ಅಂದ ಅಂಗಡಿಯವ. ಸುಳ್ಳೇನಲ್ಲ. ಆದರೆ ಕ್ಯಾಮರಾ ಒಂದಕ್ಕೆ ಅರ್ಧ ಆಂಪ್ ಹಿಡಿದರೂ ಹದಿನಾರಕ್ಕೆ ಎಂಟೇ ಆಂಪ್. ಆ ಡಬ್ಬಿಯಿಂದ ಇಪ್ಪತ್ತು ಆಂಪ್ ಕೇಳಿದವರೇ ಇರಲಿಕ್ಕಿಲ್ಲ.

ನನ್ನ ಲೆಕ್ಕವೂ ಕಾಗದದ ಮೇಲೆ ಸರಿಯೇ ಇತ್ತು. 1500 ಎಂಎಎಚ್‌ನ ನಾಲ್ಕು 4ಎಸ್ (ಒಳಗೆ ನಾಲ್ಕು ಸೆಲ್ ಸಾಲಾಗಿರುವ) ಬ್ಯಾಟರಿ ಪ್ಯಾರಲಲ್ ಹಾಕಿದರೆ 1ಸಿಗೆ, ಅಂದರೆ ಸುಮಾರು ಒಂದು ಗಂಟೆಯಲ್ಲಿ ತುಂಬುವ ವೇಗಕ್ಕೆ, 6 ಆಂಪ್. ತುಂಬುವ ಹೊತ್ತಿಗೆ 16.8 ವೋಲ್ಟ್, ಅಂದರೆ ಸುಮಾರು 100 ವ್ಯಾಟ್. ಚಾರ್ಜರ್ ತಾನೇ ತಿನ್ನುವುದನ್ನು ಸೇರಿಸಿದರೆ 115. ಹನ್ನೆರಡರಿಂದ ಭಾಗಿಸಿದರೆ ಒಂಬತ್ತೂವರೆ ಆಂಪ್. ಇಪ್ಪತ್ತರಲ್ಲಿ ಅರ್ಧವೂ ಇಲ್ಲ ಅಂತ ನಿಶ್ಚಿಂತೆಯಿಂದಿದ್ದೆ.

ಆದರೆ ಲೋಡ್ ಬಿದ್ದ ಕೂಡಲೇ ಸಪ್ಲೈ 10.7 ವೋಲ್ಟಿಗೆ ಕುಸಿಯುತ್ತಿತ್ತು. ಚಾರ್ಜರ್ ಬ್ಯಾಟರಿಗೆ ಕೊಡುವ ವ್ಯಾಟ್ ಕಡಿಮೆ ಮಾಡುವುದಿಲ್ಲ. ವೋಲ್ಟ್ ಇಳಿದಷ್ಟೂ ಹೆಚ್ಚು ಆಂಪ್ ಎಳೆಯುತ್ತದೆ. ಸೋತ ಎತ್ತಿಗೇ ಇನ್ನಷ್ಟು ಹೇರಿದಂತೆ. ‘ಇನ್‌ಪುಟ್ ವೋಲ್ಟೇಜ್ ಕಡಿಮೆ’ ಅಂತ ಚಾರ್ಜರ್ ಎರಡು ಸಲ ಕೂಗಿ ನಿಂತಿತ್ತು. ನಾನು ಮಾಡಿದ್ದೇನು? ಸೆಟ್ಟಿಂಗ್‌ಗೆ ಹೋಗಿ ಮಿತಿಯನ್ನು 11ರಿಂದ 10ಕ್ಕೆ ಇಳಿಸಿ ಬಾಯಿ ಮುಚ್ಚಿಸಿದೆ! ಅಂಗಡಿಯವನನ್ನು ಬೈಯುವಾಗೆಲ್ಲ ಇದು ನೆನಪಾಗುತ್ತದೆ.

ಅದರ ಮೇಲೆ ಮೇ ತಿಂಗಳ ಮಧ್ಯಾಹ್ನ. ಒಳ್ಳೆಯ ಕಂಪನಿಯ ಸಪ್ಲೈಗಳಿಗೂ ಇಂತಿಷ್ಟು ಡಿಗ್ರಿ ದಾಟಿದರೆ ಪೂರ್ತಿ ವ್ಯಾಟ್ ಸಿಗದು ಅಂತ ಡೇಟಾಶೀಟ್‌ನಲ್ಲೇ ಗೆರೆ ಹಾಕಿ ತೋರಿಸಿರುತ್ತಾರೆ. ನಮ್ಮೂರ ಬಿಸಿಲಲ್ಲಿ ಆ ಗೆರೆ ನೋಡದೆ ಕೊಳ್ಳಲೇಬಾರದು. ನನ್ನದರಲ್ಲಿ ಫ್ಯಾನೂ ಇರಲಿಲ್ಲ. ವೈರ್ ಹೊಸೆದು ಸ್ಕ್ರೂ ಕೆಳಗೆ ತುರುಕಿದ್ದೆ, ಅದು ಸಡಿಲಾಗಿತ್ತು. ಬೆಂದದ್ದು ಅಲ್ಲೇ.

ಇನ್ನೊಂದು ಸೂಚನೆಯನ್ನೂ ಕಡೆಗಣಿಸಿದ್ದೆ. ಬರಿಗಾಲಲ್ಲಿ ಫರಸಿ ಮೇಲೆ ನಿಂತು ಡಬ್ಬಿ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಎರಡು ಪಿನ್ನಿನ ಪ್ಲಗ್ ಹಾಕಿದ್ದೆ, ಅರ್ತಿಂಗ್ ಇರಲಿಲ್ಲ. ಸುಟ್ಟ ಡಬ್ಬಿಯನ್ನು ನಾನು ಬಿಚ್ಚಲಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು. ರಿಪೇರಿ ಮಾಡುವ ಗೆಳೆಯನೊಬ್ಬ ಕೈಯಲ್ಲಿ ತೂಗಿ ನೋಡಿಯೇ, “ಇಷ್ಟು ಹಗುರ ಇದ್ದದ್ದು ಇಪ್ಪತ್ತು ಆಂಪ್ ಎಲ್ಲಿಂದ ಕೊಡ್ತದೋ?” ಅಂದ.

ಈಗ ಮೀನ್‌ವೆಲ್ ಎಲ್‌ಆರ್‌ಎಸ್-350-24 ಸಪ್ಲೈ ಇಟ್ಟುಕೊಂಡಿದ್ದೇನೆ: 24 ವೋಲ್ಟ್, 14.6 ಆಂಪ್. ಚಾರ್ಜರ್ ಮೇಲೆ ‘10–30 ವೋಲ್ಟ್’ ಅಂತ ಇದ್ದರೆ 24 ವೋಲ್ಟಿನದೇ ತನ್ನಿ. ಅದೇ 115 ವ್ಯಾಟ್‌ಗೆ ಐದು ಆಂಪ್ ಸಾಕು. ಆಂಪ್ ಅರ್ಧವಾದರೆ ಅದೇ ವೈರಿನ ಬಿಸಿ ಕಾಲು ಭಾಗಕ್ಕಿಳಿಯುತ್ತದೆ. ವೈರ್ ತುದಿಗೆ ಲಗ್ (ಸ್ಕ್ರೂ ಕೆಳಗೆ ಕೂರುವ ಲೋಹದ ತುಂಡು) ಹಾಕಿಸಿ, ಮೂರು ಪಿನ್ನಿನ ಪ್ಲಗ್ಗೇ ಬಳಸಿ, ಅರ್ತಿಂಗ್ ನಿಜವಾಗಿ ಇದೆಯೇ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಅಷ್ಟು ಖರ್ಚು ಬೇಡ ಅನ್ನುವವರು ಹಳೆಯ 19 ವೋಲ್ಟಿನ, 90 ವ್ಯಾಟ್‌ನ ಲ್ಯಾಪ್‌ಟಾಪ್ ಅಡಾಪ್ಟರ್ ಹಾಕಿ, ಚಾರ್ಜರ್ ಮೆನುವಿನಲ್ಲಿ ಇನ್‌ಪುಟ್ ಮಿತಿಯನ್ನು 75 ವ್ಯಾಟ್‌ಗೆ ಕಟ್ಟಿಬಿಡಿ. ನಿಧಾನ, ಆದರೆ ಆಗುತ್ತದೆ.

ಇಂಥ ತಗಡಿನ ಸಪ್ಲೈಗಳ ಪಕ್ಕದಲ್ಲಿ 115/230 ಅಂತ ಒಂದು ಸಣ್ಣ ಸ್ವಿಚ್ ಇರುತ್ತದೆ. ಪ್ಲಗ್ ಹಾಕುವ ಮೊದಲೇ ಅದು 230ಕ್ಕಿದೆಯೇ ನೋಡಿ. 115ಕ್ಕಿದ್ದರೆ ಚಾರ್ಜ್ ಮಾಡುವ ಮಾತಿರಲಿ, ಗೋಡೆಯ ಸ್ವಿಚ್ ಒತ್ತಿದ ಕ್ಷಣವೇ ಢಂ ಅನ್ನುತ್ತದೆ.