ದೊಡ್ಡ ಓಟ ಮುಗಿದ ಮೇಲಿನ ವಾರಗಳಿಗೆ ಒಂದು ಫೋಮ್ ರೋಲರ್

ಓಟದ ಶೂ ಬಗ್ಗೆ ಎಲ್ಲರೂ ಬರೆಯುತ್ತಾರೆ. ಓಟ ಮುಗಿದ ಮೇಲೆ ಬೇಕಾಗುವ ಸಾಮಾನಿನ ಬಗ್ಗೆ ಬರೆಯುವವರು ಕಡಿಮೆ. ಹೋದ ವರ್ಷ ಕಾಫಿ ತೋಟಗಳ ನಡುವೆ ನಡೆಯುವ ದೂರದ ಓಟ ಮಲ್ನಾಡ್ ಅಲ್ಟ್ರಾದಲ್ಲಿ 50 ಕಿಲೋಮೀಟರ್ ಓಡಿ ಬಂದ ಮೇಲೆ ನನಗೆ ನಿಜವಾಗಿ ಕೈ ಹಿಡಿದಿದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೊಂಡ ಫೋಮ್ ರೋಲರ್, ಅಂದರೆ ಬಿಗಿದ ಸ್ನಾಯು ತೀಡಿಕೊಳ್ಳುವ ಉರುಳೆ.

ಒಳಗೆ ಗಟ್ಟಿ ಪ್ಲಾಸ್ಟಿಕ್ ಪೈಪು, ಮೇಲೆ ಗೀರು ಗೀರಿನ ಫೋಮ್, ಉದ್ದ 33 ಸೆಂಟಿಮೀಟರ್. ನಾನು ಕೊಟ್ಟಿದ್ದು 850 ರೂಪಾಯಿ. ನೆಲದ ಮೇಲಿಟ್ಟು, ಅದರ ಮೇಲೆ ಕಾಲು ಚಾಚಿ, ಕೈಯೂರಿ ಮೈಭಾರ ಬಿಟ್ಟು ಮೆಲ್ಲಗೆ ಹಿಂದೆ ಮುಂದೆ ಉರುಳಬೇಕು. ಅಷ್ಟೇ.

ಕಾಫಿ ತೋಟದ ದಾರಿಯಲ್ಲಿ ಓಡಿದವರಿಗೆ ಗೊತ್ತು, ಏರಿನಲ್ಲಿ ಉಸಿರು ಕಟ್ಟುತ್ತದೆ, ಆದರೆ ಆಮೇಲೆ ನೋಯಿಸುವುದು ಇಳಿಜಾರು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ಹೊತ್ತುಕೊಂಡೇ ಹಿಗ್ಗಬೇಕು. ಅದರಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ನೋವು ಅವತ್ತೇ ಗೊತ್ತಾಗುವುದಿಲ್ಲ, ಎರಡು-ಮೂರನೇ ದಿನಕ್ಕೆ ಜೋರಾಗುತ್ತದೆ. ಆ ದಿನಗಳಲ್ಲಿ ನಾನು ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು, ಹಿಮ್ಮುಖವಾಗಿ ಇಳಿಯುತ್ತಿದ್ದೆ.

ರೋಲರ್ ಈ ಗಾಯ ವಾಸಿ ಮಾಡುವುದಿಲ್ಲ. 'ಸ್ನಾಯುವಿನ ಗಂಟು ಒಡೆಯುತ್ತೆ' ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ವಾಸಿ ಮಾಡುವುದು ನಿದ್ದೆ, ಹೊಟ್ಟೆತುಂಬ ಊಟ, ಮತ್ತೆ ಒಂದಷ್ಟು ದಿನ. ರೋಲರ್‌ನಿಂದ ನೋವು ಸ್ವಲ್ಪ ತಗ್ಗುತ್ತದೆ, ಬಿಗಿದುಕೊಂಡ ಕಾಲು ಒಂದಿಷ್ಟು ಹೊತ್ತು ಸಲೀಸಾಗಿ ಮಡಚುತ್ತದೆ.

ನನಗೆ ಇದು ಮುಖ್ಯವಾಗಿದ್ದು ಬೇರೆ ಕಾರಣಕ್ಕೆ. ಓಟಕ್ಕೆ ಮುಂಚೆ ತಿಂಗಳುಗಟ್ಟಲೆ ಒಂದು ಗುರಿ ಇರುತ್ತದೆ. ಬೆಳಗ್ಗೆ ಐದೂವರೆಗೆ ನೆಹರೂ ಕ್ರೀಡಾಂಗಣ, ಭಾನುವಾರ ಗಾಜನೂರು ರಸ್ತೆ. ಓಟ ಮುಗಿದ ಕೂಡಲೇ ಆ ಹೊತ್ತು ಖಾಲಿ. ಓಡಲು ಕಾಲು ಕೇಳುವುದಿಲ್ಲ. ಸುಮ್ನೆ ಮಲಗಿದರೆ ಅಭ್ಯಾಸ ತಪ್ಪುತ್ತದೆ. ನನ್ನ ಜೊತೆ ಓಡುತ್ತಿದ್ದವರಲ್ಲಿ ಎಷ್ಟೋ ಜನ ನಿಲ್ಲಿಸಿದ್ದು ಈ ವಾರಗಳಲ್ಲೇ. ನಾನು ಅದೇ ಐದೂವರೆಗೆ ಎದ್ದು, ಹಜಾರದಲ್ಲಿ ಚಾಪೆ ಹಾಸಿ, ಮೀನಖಂಡಕ್ಕೆ, ತೊಡೆಗೆ ಒಂದೊಂದು ನಿಮಿಷ ರೋಲರ್ ಉರುಳಿಸುತ್ತಿದ್ದೆ. ಅದಕ್ಕೆ ಮನಸ್ಸು ಗಟ್ಟಿ ಮಾಡಬೇಕಾಗಿಲ್ಲ, ಚಾಪೆ ಹಾಸಿದರೆ ಸಾಕು. ಎದ್ದಿದ್ದೇನಲ್ಲ ಅಂತ ಹೊಳೆ ಕಡೆ ಒಂದು ಸುತ್ತು ನಡೆದು ಬರುತ್ತಿದ್ದೆ. ನಡಿಗೆ ಮೆಲ್ಲಗೆ ಓಟವಾಯಿತು. ವಾಚು ಕಟ್ಟಲಿಲ್ಲ. "ಅಕ್ಕಾ, ಮುಂದಿನ ರೇಸ್ ಯಾವುದು?" ಅಂತ ಕ್ರೀಡಾಂಗಣದ ಹುಡುಗಿಯರು ಕೇಳಿದರೆ, "ಇನ್ನೂ ಹೆಸರು ಕೊಟ್ಟಿಲ್ಲ ಪುಟ್ಟಾ" ಅನ್ನುತ್ತಿದ್ದೆ. ಹೆಸರು ಕೊಡದೆಯೂ ಬೆಳಗ್ಗೆ ಏಳಬಹುದು ಅಂತ ಗೊತ್ತಾಗಿದ್ದು ನನಗೆ ದೊಡ್ಡ ಸಮಾಧಾನ.

ಕೊರತೆಗಳೂ ಇವೆ. 33 ಸೆಂಟಿಮೀಟರ್ ಗಿಡ್ಡವಾಯಿತು, ಎರಡೂ ತೊಡೆ ಒಟ್ಟಿಗೆ ಇಡಲು ಇಕ್ಕಟ್ಟು. 45ರದ್ದು ಸಿಕ್ಕರೆ ಅದನ್ನೇ ತಗೊಳ್ಳಿ. ಮೊದಲ ಸಲ ಕೊಳ್ಳುವವರಿಗೆ ಇದು ಜಾಸ್ತಿ ಗಟ್ಟಿ, ದಪ್ಪ ಪ್ಯಾಂಟು ಹಾಕಿಕೊಂಡು ಶುರು ಮಾಡಿದರೆ ತಡೆದುಕೊಳ್ಳಬಹುದು. ಇನ್ನೊಂದು ತೊಂದರೆ ನಮ್ಮ ಕಡೆಯದೇ. ಜಡಿಮಳೆ ಹಿಡಿದಾಗ ಗೀರುಗಳ ಒಳಗೆ ಬೂಷ್ಟು ಹಿಡಿಯಿತು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪುನೀರು ಹಾಕಿ ಒಂದೊಂದೇ ಗೀರು ಉಜ್ಜಿದೆ. ಒಣಗಲು ಎರಡು ದಿನ ಬೇಕಾಯಿತು. ಮಲೆನಾಡಿನ ಮನೆಗೆ ಗೀರಿಲ್ಲದ ನುಣುಪು ರೋಲರೇ ಸರಿ.

ಮಂಡಿ, ಮೊಣಕಾಲಿನ ಕೆಳಗಿನ ಎಲುಬು, ಸೊಂಟದ ಮೇಲೆ ಇದನ್ನು ಉರುಳಿಸಬೇಡಿ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ರೋಲರ್ ಮುಟ್ಟದೆ ಮೊದಲು ಡಾಕ್ಟರ ಹತ್ತಿರ ಹೋಗಿ, ರಕ್ತ ಹೆಪ್ಪುಗಟ್ಟಿರಬಹುದು.

ದೊಡ್ಡ ಓಟಕ್ಕೆ ಹೆಸರು ಕೊಟ್ಟವರು ಇದನ್ನು ಓಟಕ್ಕೆ ಮುಂಚೆಯೇ ತಂದಿಡಿ. ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟ ಅಲ್ವಾ.